ಅಪ್‌ಡೇಟ್: ಬೆಕ್ಕಿನ ಮರಿಗೆ ಡಬ್ಬಿ ಆಹಾರ ಹೊಂದಿಕೊಂಡಿತು

ನಮ್ಮ ಮೂರು ತಿಂಗಳ ಬೆಕ್ಕಿನ ಮರಿಗೆ ಯಾವ ಡಬ್ಬಿ ಆಹಾರ ಒಳ್ಳೆಯದು ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ‘ಲೇಬಲ್ ಪೂರ್ತಿ ಓದಿ’ ಎಂದವರಿಗೆ ಮೊದಲ ವಂದನೆ. ನಾನು ತರುತ್ತಿದ್ದ ಟ್ಯೂನಾ ಡಬ್ಬಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಕಾಂಪ್ಲಿಮೆಂಟರಿ’, ಅಂದರೆ ಪೂರಕ ಆಹಾರ ಎಂದಿತ್ತು. ಅದೊಂದನ್ನೇ ತಿಂದರೆ ಮರಿಯ ಬೆಳವಣಿಗೆಗೆ ಸಾಲದು. ಈಗ ಬೆಳೆಯುವ ಮರಿಗಳಿಗೆ ‘ಸಂಪೂರ್ಣ ಆಹಾರ’ ಎಂದು ನಮೂದಿಸಿದ, ಟಾರಿನ್ ಎಂಬ ಪೋಷಕಾಂಶ ಇರುವ ಕೋಳಿಮಾಂಸದ ಡಬ್ಬಿ ತರುತ್ತಿದ್ದೇನೆ. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಪೆಟ್ಟು ಎಂಬುದು ನನಗೆ ಗೊತ್ತೇ ಇರಲಿಲ್ಲ!

ಹಾಲು ಬೆರೆಸುವ ಸಲಹೆ ಮಾತ್ರ ಫಲಿಸಲಿಲ್ಲ, ಮರಿಗೆ ಭೇದಿಯಾಯಿತು. ಹಳೆಯದರೊಂದಿಗೆ ಹೊಸದನ್ನು ದಿನದಿನಕ್ಕೆ ಹೆಚ್ಚಿಸುತ್ತ 7 ದಿನಗಳಲ್ಲಿ ಬದಲಾಯಿಸಿದೆ. ಫ್ರಿಜ್‌ನಿಂದ ತೆಗೆದದ್ದನ್ನು ಮೂಸಿ ಹಿಂದೆ ಸರಿಯುತ್ತಿತ್ತು. ಒಂದು ಚಮಚ ಬೆಚ್ಚನೆಯ ನೀರು ಕಲಸಿಕೊಟ್ಟ ಮೇಲೆ ತಟ್ಟೆಯನ್ನು ಗೋಡೆಯವರೆಗೂ ತಳ್ಳಿಕೊಂಡು ಹೋಗಿ ನೆಕ್ಕುತ್ತದೆ.