ಗಾಯಕರು ಸಂಭಾವನೆ ಕೇಳುವುದು ತಪ್ಪೇ?

ಪ್ರಶ್ನೆ (ಉತ್ಸವ ಸಮಿತಿಯ ಸದಸ್ಯ):
ನಮ್ಮ ಬಡಾವಣೆಯ ಗಣೇಶೋತ್ಸವದ ಸಂಗೀತ ಕಚೇರಿಗೆ ಆಹ್ವಾನಿಸಿದ ಗಾಯಕಿಯೊಬ್ಬರು ಸಂಭಾವನೆಯ ಮೊತ್ತವನ್ನು ಮೊದಲೇ ತಿಳಿಸಿದ್ದಾರೆ. ಪೆಂಡಾಲಿನವರಿಗೂ ಅಡುಗೆಯವರಿಗೂ ಮರುಮಾತಿಲ್ಲದೆ ಮುಂಗಡ ಕೊಟ್ಟ ಹಿರಿಯರೇ ಈಗ, ಸಂಗೀತವೆಂಬುದು ದೇವರ ಸೇವೆ, ನವಕೋಟಿಯನ್ನು ತೊರೆದ ಪುರಂದರದಾಸರ ಪದಗಳನ್ನು ಹಾಡಲು ಹಣ ಕೇಳಬಹುದೇ ಎಂದು ಆಕ್ಷೇಪಿಸುತ್ತಿದ್ದಾರೆ. ಅವರಿಗೆ ಏನೆಂದು ಉತ್ತರಿಸಲಿ?

ಉತ್ತರ (ಮೃದಂಗ ವಾದಕ):
ದಾಸರು ತೊರೆದದ್ದು ತಮ್ಮ ಸಂಪತ್ತನ್ನು, ಅದೂ ತಾವಾಗಿಯೇ. ಆ ತ್ಯಾಗವನ್ನು ಮುಂದಿಟ್ಟುಕೊಂಡು ಇನ್ನೊಬ್ಬರ ದುಡಿಮೆಯನ್ನು ಬಿಟ್ಟಿಯಾಗಿ ಕೇಳುವ ಅಧಿಕಾರ ಯಾರಿಗೂ ಇಲ್ಲ. ಮಧುಕರವೃತ್ತಿ, ಅಂದರೆ ಮನೆಮನೆಯ ಭಿಕ್ಷೆಯಿಂದ ಬದುಕುವ ದಾರಿ, ಹಿಡಿದ ಹರಿದಾಸರ ಜೋಳಿಗೆಗೆ ಗೃಹಸ್ಥರು ಅಕ್ಕಿ ನೀಡುತ್ತಿದ್ದರು. ವೀಣೆ ಶೇಷಣ್ಣ, ವಾಸುದೇವಾಚಾರ್ಯರಂತಹ ಆಸ್ಥಾನ ವಿದ್ವಾಂಸರನ್ನು ಮೈಸೂರು ಅರಮನೆ ಪೋಷಿಸಿತು. ಇಂದು ಆ ಹೊಣೆ ಕಚೇರಿ ಏರ್ಪಡಿಸುವವರದು ಮತ್ತು ಕೇಳುಗರದು.

ನನ್ನ ವಾದ್ಯದ ಮಾತನ್ನೇ ಹೇಳುತ್ತೇನೆ. ಗಾಯಕಿಯರ ಶ್ರುತಿಗೊಂದು, ಗಾಯಕರ ಶ್ರುತಿಗೊಂದು ಎಂದು ಕನಿಷ್ಠ ಎರಡು ಮೃದಂಗಗಳು ಬೇಕು. ಬಲಮುಚ್ಚಿಗೆಯ, ಅಂದರೆ ಬಲಬದಿಯ ಚರ್ಮದ ಹೊದಿಕೆಯ, ನಡುವಿನ ಕಪ್ಪು ಲೇಪವಾದ ಕರಣೆ ಬಿರುಕು ಬಿಟ್ಟು ಉದುರತೊಡಗಿದರೆ ನಾದ ಕೆಡುತ್ತದೆ. ಆಗ ಮುಚ್ಚಿಗೆಯನ್ನು ಬದಲಿಸಲೇಬೇಕು, ಅದನ್ನು ಕಟ್ಟಿಕೊಡುವವರಿಗೆ ನಾನು ಹಣ ಕೊಡಲೇಬೇಕು. ಶಾಲು, ಫಲತಾಂಬೂಲಗಳ ಗೌರವ ದೊಡ್ಡದು, ಆದರೆ ಅದರಿಂದ ಈ ಖರ್ಚು ಹುಟ್ಟುವುದಿಲ್ಲ.

ಉತ್ತರ (ದಕ್ಷಿಣ ಕನ್ನಡದ ಓದುಗ):
ಹಣ ಬಂದರೆ ಭಕ್ತಿ ಕೆಡುತ್ತದೆ ಎನ್ನುವವರು ಕಟೀಲು ದೇವಸ್ಥಾನದ ಯಕ್ಷಗಾನ ಮೇಳದ ಆಟಗಳನ್ನು ಗಮನಿಸಬೇಕು. ಅವುಗಳನ್ನು ಭಕ್ತರು ದೇವಿಗೆ ಹರಕೆಯಾಗಿ ಆಡಿಸುತ್ತಾರೆ, ಅದಕ್ಕಾಗಿ ಮೇಳಕ್ಕೆ ಹಣ ಸಲ್ಲಿಸುತ್ತಾರೆ, ಕಲಾವಿದರಿಗೆ ಸಂಬಳವೂ ಸಿಗುತ್ತದೆ. ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಆಟ ಆರಂಭವಾಗುವುದಿಲ್ಲ. ಸಂಬಳ ಪಡೆಯುವ ಕಲಾವಿದರೇ ಆ ಪೂಜೆಯಲ್ಲಿ ಕೈಮುಗಿದು ನಿಲ್ಲುತ್ತಾರೆ. ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಮಳೆಗಾಲದ ತಿಂಗಳುಗಳನ್ನು ಅವರು ಹೇಗೆ ಕಳೆಯುತ್ತಾರೆ ಎಂಬುದನ್ನು ಊರಿನವರೂ ಯೋಚಿಸಬೇಕು. ಉಡುಪಿಯ ಯಕ್ಷಗಾನ ಕಲಾರಂಗವು ಕಲಾವಿದರ ಕುಟುಂಬಗಳಿಗೆ ಮನೆ ಕಟ್ಟಿಸಿಕೊಡುತ್ತಾ ಬಂದಿರುವುದು ಇಂತಹ ಕಾಳಜಿಯಿಂದಲೇ.

ಉತ್ತರ (ವಕೀಲೆ):
ಕಾನೂನು ಕೂಡ ಇದೇ ದಿಕ್ಕಿನಲ್ಲಿ ಸಾಗಿದೆ. ಚಲನಚಿತ್ರಗೀತೆಗಳ ಸಾಹಿತಿಗಳೂ ಸಂಗೀತ ಸಂಯೋಜಕರೂ, ಚಿತ್ರಮಂದಿರದ ಪ್ರದರ್ಶನವನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಧನದ ತಮ್ಮ ಪಾಲನ್ನು ನಿರ್ಮಾಪಕರಿಗೆ ಬರೆದುಕೊಡುವಂತಿಲ್ಲವೆಂದು 2012ರ ಕೃತಿಸ್ವಾಮ್ಯ ತಿದ್ದುಪಡಿ ವಿಧಿಸಿತು. ಕಷ್ಟಕಾಲದಲ್ಲಿ ಕಲಾವಿದರು ಯಾವ ಪತ್ರಕ್ಕಾದರೂ ಸಹಿ ಹಾಕಬಹುದೆಂಬ ಅರಿವು ಇದರ ಹಿಂದಿದೆ ಎಂದು ನಾನು ಭಾವಿಸುತ್ತೇನೆ.

ನಿಮ್ಮ ಸಮಿತಿಗೆ ನನ್ನ ಸಲಹೆಯಿಷ್ಟೆ: ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಮೊತ್ತವನ್ನು ಬರಹದಲ್ಲಿ ಒಪ್ಪಿಕೊಳ್ಳಿ, ಮತ್ತು ಪಿಟೀಲು, ಮೃದಂಗದವರ ಸಂಭಾವನೆಯನ್ನು ಅವರವರ ಕೈಗೇ ಕೊಡಿ.