ಸ್ಯಾಲಿ-ಆನ್ ಪರೀಕ್ಷೆ: ಮಗು ತಪ್ಪುವುದು ಮಾತಿನಿಂದಲೋ?

ಪ್ರಶ್ನೆ: ಆಟಿಸಂ ಇರುವ ಮಕ್ಕಳಿಗೆ ಈ ಪರೀಕ್ಷೆ ಕನ್ನಡದಲ್ಲಿ ಮಾಡಬೇಕಿದೆ. ಸ್ಯಾಲಿ, ಆನ್ ಎರಡು ಗೊಂಬೆಗಳು. ಸ್ಯಾಲಿ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೋದಾಗ ಆನ್ ಅದನ್ನು ಡಬ್ಬಿಗೆ ಹಾಕುತ್ತಾಳೆ. ವಾಪಸ್ ಬಂದ ಸ್ಯಾಲಿ ಎಲ್ಲಿ ಹುಡುಕುತ್ತಾಳೆ ಅಂದರೆ, ಬುಟ್ಟಿಯ ಬದಲು ಮಗು ಡಬ್ಬಿ ತೋರಿಸಿತು ಅನ್ನಿ. ಅದಕ್ಕೆ ಪ್ರಶ್ನೆಯೇ ಅರ್ಥವಾಗಿಲ್ಲವೋ, ಸ್ಯಾಲಿಯ ಮನಸ್ಸು ತಿಳಿಯಲಿಲ್ಲವೋ?

ಉತ್ತರ 1: ಮುಖ್ಯ ಪ್ರಶ್ನೆಯಾದ ಮೇಲೆ 'ಗೋಲಿ ನಿಜವಾಗಿ ಎಲ್ಲಿದೆ?', 'ಮೊದಲು ಎಲ್ಲಿತ್ತು?' ಎಂದು ಕೇಳಲೇಬೇಕು. ಒಂದು ತಪ್ಪಿದರೂ ಆ ಸುತ್ತು ಲೆಕ್ಕಕ್ಕಿಲ್ಲ. 1985ರ ಮೂಲ ಪ್ರಯೋಗದಲ್ಲಿ ಆಟಿಸಂ ಇದ್ದ 20 ಮಕ್ಕಳೂ ಇವಕ್ಕೆ ಸರಿಯಾಗಿ ಉತ್ತರಿಸಿದ್ದರು. ಆದರೂ 16 ಮಂದಿ ಮುಖ್ಯ ಪ್ರಶ್ನೆಯಲ್ಲಿ ತಪ್ಪಿದರು. ಹೋಲಿಕೆಗೆ, ಡೌನ್ ಸಿಂಡ್ರೋಮ್ (ಬುದ್ಧಿಯ ಬೆಳವಣಿಗೆ ನಿಧಾನವಾಗುವ ಹುಟ್ಟು ಸ್ಥಿತಿ) ಇದ್ದ 14 ಮಕ್ಕಳಲ್ಲಿ 12 ಮಂದಿ ಪಾಸು. ಎರಡನೇ ಸುತ್ತಿನಲ್ಲಿ ಗೋಲಿಯನ್ನು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಆಗ ಮೂರು ಜಾಗವಾಗುತ್ತವೆ, ಊಹೆಯಿಂದ ಗೆಲ್ಲುವುದು ಕಷ್ಟ.

ಉತ್ತರ 2: ಅಷ್ಟೇ ಸಾಲದು. ಭಾಷಾಮಟ್ಟವನ್ನೂ ಅಳೆಯಿರಿ, ವಯಸ್ಸನ್ನಷ್ಟೇ ನೋಡಬೇಡಿ. ಮನೋವಿಜ್ಞಾನಿ ಫ್ರಾನ್ಸೆಸ್ಕಾ ಹಾಪೆ 1995ರಲ್ಲಿ ತೋರಿಸಿದಂತೆ, ಪಾಸಾಗುವ ಸಾಧ್ಯತೆ ಅರ್ಧಕ್ಕೆ ಮುಟ್ಟಲು ಸಾಮಾನ್ಯ ಮಕ್ಕಳಿಗೆ ಸುಮಾರು 4 ವರ್ಷದ ಭಾಷಾಮಟ್ಟ ಸಾಕು. ಆಟಿಸಂ ಇದ್ದವರಿಗೆ 9 ದಾಟಬೇಕು. ಅಂದರೆ ಭಾಷಾಮಟ್ಟ ಹೆಚ್ಚಿದ್ದರೆ ಆಟಿಸಂ ಇದ್ದವರೂ ಪಾಸಾಗಬಹುದು. ಹಾಗಾಗಿ ಪಾಸಾಯಿತೆಂದ ಮಾತ್ರಕ್ಕೆ ಆಟಿಸಂ ಇಲ್ಲ ಅನ್ನುವುದು ದೊಡ್ಡ ತಪ್ಪು.

ಉತ್ತರ 3: ಕೇಳುವಾಗ ನಿಮ್ಮ ಕಣ್ಣು ಡಬ್ಬಿಯ ಕಡೆ ಹೋಗದಿರಲಿ. ಗೊಂಬೆಗಳ ಹೆಸರು ಮಗುವಿಗೆ ಗೊತ್ತಾಗಿದೆಯೇ ಎಂದು ಮೊದಲೇ ಕೇಳಿ ನೋಡಿ.