ಮೇಗರವಳ್ಳಿ ಮನೆಗೆ ಕರೆಂಟ್ ಕಾರು

(ಮೇಗರವಳ್ಳಿ ಅಂದ್ರೆ ತೀರ್ಥಹಳ್ಳಿ ಹತ್ರದ ನಮ್ಮೂರು. ಇದು ನಮ್ಮನೆ ವಾಟ್ಸಾಪ್ ಗ್ರೂಪಲ್ಲಿ ಶನಿವಾರ ಸಂಜೆ ಶುರುವಾಗಿದ್ದು. ಹೆಸರು ತೆಗ್ದು ಸಂಬಂಧ ಮಾತ್ರ ಇಟ್ಟಿದೀನಿ. ಗುಲಾಬಿ ಹೂವು, ಹೆಬ್ಬೆಟ್ಟು, ಗುಡ್ ನೈಟ್ ಎಲ್ಲ ಕಳೆದಿದೀನಿ, ಇಲ್ದಿದ್ರೆ ಇದರ ಮೂರು ಪಟ್ಟು ಆಗ್ತಿತ್ತು.)

ನಾನು, 5:42
ಫೋಟೋ ನೋಡಿ. ಟಾಟಾದ ಟಿಯಾಗೊ ಇವಿ, ಕರೆಂಟಲ್ಲಿ ಓಡೋ ಕಾರು, 2023 ಮಾಡೆಲ್ಲು, 24 ಯುನಿಟ್ ಬ್ಯಾಟ್ರಿದು, 38,000 ಕಿಮೀ ಓಡಿದೆ, ಕೆಎ ರಿಜಿಸ್ಟ್ರೇಶನ್ನೇ, ಒಬ್ರೇ ಓನರು, ಬೆಂಗಳೂರಲ್ಲಿದೆ, 6 ಲಕ್ಷ ಹೇಳ್ತಿದಾರೆ. ಅತ್ತಿಗೆಗೆ ಸ್ಕೂಲಿಗೆ ಹೋಗಿ ಬರಕ್ಕೆ ಆಗುತ್ತೆ ಅನ್ನಿಸ್ತು

ಅಕ್ಕ (ಸಾಗರ), 5:44
ಬಣ್ಣ ಚೆನ್ನಾಗಿದೆ

ಚಿಕ್ಕಪ್ಪ (ಶಿವಮೊಗ್ಗ), 5:51
[ಫಾರ್ವರ್ಡ್ ಆದ ವಿಡಿಯೋ]
ಇದನ್ನ ಪೂರ್ತಿ ನೋಡಿ ಆಮೇಲೆ ಕಾರಿನ ಮಾತಾಡಿ

ನಾನು, 5:53
ಚಿಕ್ಕಪ್ಪ ಅದು ಸ್ಕೂಟರು

ಚಿಕ್ಕಪ್ಪ, 5:58
ಬೆಂಕಿಗೆ ಸ್ಕೂಟರೇನು ಕಾರೇನು ಮಾರಾಯ. ಅದೂ ಸೆಕೆಂಡ್ ಹ್ಯಾಂಡು. ಒಂದು ಮೊಬೈಲು ತಗೊಂಡ್ರೆ ಮೂರು ವರ್ಷಕ್ಕೆ ಬ್ಯಾಟ್ರಿ ಊದ್ಕೊಳ್ಳುತ್ತೆ, ಇದು ಆಗ್ಲೇ ಅಷ್ಟು ವರ್ಷ ಯಾರೋ ಬೆಂಗಳೂರಿನವ್ನು ಉಜ್ಜಿ ಬಿಟ್ಟಿರೋದು. ಮೇಲಿಂದ ನಮ್ಮೂರಲ್ಲಿ ಕರೆಂಟೆಲ್ಲಿದೆ? ಲಿಂಗನಮಕ್ಕಿ ಡ್ಯಾಮ್ ನಮ್ಮ ಜಿಲ್ಲೇಲೆ ಇದೆ, ಊರು ಮುಳುಗಿಸ್ಕೊಂಡು ರಾಜ್ಯಕ್ಕೆಲ್ಲ ಬೆಳಕು ಕೊಟ್ವಿ, ನಮ್ಮನೇಲಿ ಮಳೆಗಾಲ ಪೂರ್ತಿ ಚಿಮಣಿ. ಒಂದು ಹಲಸಿನ ಕೊಂಬೆ ಲೈನ್ ಮೇಲೆ ಬಿದ್ರೆ ಮೂರು ದಿನ ಯಾರೂ ತಿರುಗಿ ನೋಡಲ್ಲ. ರಾತ್ರಿ 2 ಗಂಟೆಗೆ ನಿಮ್ಮಪ್ಪಂಗೆ ಎದೆನೋವು ಬಂತು ಅಂತಿಟ್ಕೊ, ಮಣಿಪಾಲಕ್ಕೆ ಓಡಬೇಕು, ಕಾರು ಪ್ಲಗ್ಗಿಗೆ ಕಚ್ಚಿಕೊಂಡು ಕೂತಿದೆ, ಕರೆಂಟಿಲ್ಲ. ಏನ್ಮಾಡ್ತೀಯ

ಅಣ್ಣ, 6:03
ಬೊಲೆರೊ ಇದ್ಯಲ್ಲ ಚಿಕ್ಕಪ್ಪ. ಇದು ಎರಡನೇ ಗಾಡಿ

ಅತ್ತಿಗೆ, 6:10
ಚಿಕ್ಕಮಾವ ತಪ್ಪು ತಿಳೀಬೇಡಿ, ಜೂನಿಂದ ಸೆಪ್ಟೆಂಬರ್ ತನಕ ನನ್ನ ಕಷ್ಟ ಒಂದ್ಸಲ ನೋಡಿ. ಸ್ಕೂಟೀಲಿ ರೇನ್‌ಕೋಟ್ ಹಾಕ್ಕೊಂಡು ತೀರ್ಥಹಳ್ಳಿ ಮುಟ್ಟೋ ಹೊತ್ತಿಗೆ ಮೊಣಕಾಲ ತನಕ ಸೀರೆ ಒದ್ದೆ, ಅದೇ ಒದ್ದೇಲಿ ನಾಲ್ಕೂವರೆ ತನಕ ಪಾಠ. ಬೊಲೆರೊದಲ್ಲಿ ಬಿಡಿ ಅಂದ್ರೆ ಇವ್ರಿಗೆ ತೋಟ

ಅಣ್ಣ, 6:12
ಮಳೆ ಹೊಳವಾಗೋ ಎರಡು ಗಂಟೇಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡಿಬೇಕು, ಆ ಟೈಮಲ್ಲಿ ನಾನು ಪೇಟೇಲಿದ್ರೆ ಮರ ಹತ್ತೋ ಕೊನೆಗಾರ ಡ್ರಮ್ಮಿನ ಪಕ್ಕ ಎಲೆಅಡಿಕೆ ಹಾಕ್ಕೊಂಡು ಕೂತಿರ್ತಾನೆ, ಸಂಬಳ ಮಾತ್ರ ಪೂರ್ತಿ

ನಾನು, 6:20
ಲೆಕ್ಕ ಹೇಳ್ತೀನಿ ಕೇಳಿ. ಮನೆಯಿಂದ ಸ್ಕೂಲಿಗೆ 20 ಕಿಮೀ, ಹೋಗಿ ಬಂದು 40. ಈ ಕಾರಿಗೆ ಕಂಪನಿಯವ್ರು ಫುಲ್ ಚಾರ್ಜಿಗೆ 315 ಕಿಮೀ ಅಂತ ಹಾಕಿದ್ರು, ಅದನ್ನ ಮರ್ತುಬಿಡಿ, ನಮ್ಮ ರಸ್ತೇಲಿ 170 ಬಂದ್ರೆ ಸಾಕು. ಬ್ಯಾಟ್ರಿ ನೂರಕ್ಕೆ 20 ಭಾಗ ಸವೆದಿದೆ ಅಂತಲೇ ಇಟ್ಕೊಳ್ಳಿ, ಆಗ್ಲೂ 130 ಮೇಲೆ ಸಿಗುತ್ತೆ, ಅಂದ್ರೆ ಮೂರು ದಿನದ ಸ್ಕೂಲು. ಬೆಂಗಳೂರಲ್ಲಿ ದಿನಾ 100 ಓಡಿಸೋನಿಗೆ ಅದು ಹಳೇ ಬ್ಯಾಟ್ರಿ, ನಮಗೆ ಮಿಕ್ಕಿ ಹೋಗುತ್ತೆ. ಅವನಿಗೆ ಸಾಲ್ದೆ ಇರೋದಕ್ಕೇ ರೇಟು ಇಳಿದಿರೋದು, ಆ ಇಳಿದ ರೇಟು ನಮಗೆ ಲಾಭ. ಮತ್ತೆ ಬ್ಯಾಟ್ರಿಗೆ 8 ವರ್ಷ ಅಥವಾ 1,60,000 ಕಿಮೀ ವಾರಂಟಿ, 2031ರ ತನಕ ಇದೆ

ಅತ್ತಿಗೆ, 6:22
ಮೂರು ದಿನ ಕರೆಂಟಿಲ್ಲ ಅನ್ನೋವಷ್ಟು ಮಳೆ ಬಂದ್ರೆ ಡಿಸಿ ಸ್ಕೂಲಿಗೂ ರಜೆ ಕೊಟ್ಟಿರ್ತಾರೆ 😄

ಚಿಕ್ಕಪ್ಪ, 6:31
ರಜೆ ಕೊಡೋದು ಮಕ್ಕಳಿಗೆ. ಇರ್ಲಿ. ಆಗುಂಬೆ ಘಾಟಿ ಹತ್ತುತ್ತಾ ಇದು? ಹದಿನಾಲ್ಕು ತಿರುವು. ಇಳಿಯೋದು ಯಾರ್ ಬೇಕಾದ್ರೂ ಇಳೀತಾರೆ

ಭಾವ (ಸಾಗರ), 6:44
ಮಾವ ಅದಕ್ಕೆ ನಾನು ಹೇಳ್ತೀನಿ, ಎರಡು ವರ್ಷದಿಂದ ಹಳೇ ನೆಕ್ಸಾನ್ ಇವಿ ಇಟ್ಕೊಂಡು ಒದ್ದಾಡಿದೋನು ನಾನೇ. ಘಾಟಿ ಒಂದು ಸಮಸ್ಯೆನೇ ಅಲ್ಲ. ಘಾಟಿ ಕೆಳಗಿನ ಸೋಮೇಶ್ವರದಿಂದ ಆಗುಂಬೆಗೆ ಐನೂರು ಚಿಲ್ಲರೆ ಮೀಟರ್ ಎತ್ತರ, ನಾಲ್ಕು ಜನ ಕೂತ ಸಣ್ಣ ಕಾರನ್ನ ಅಷ್ಟು ಎತ್ತಕ್ಕೆ ಎರಡೂವರೆ ಯುನಿಟ್ ಜಾಸ್ತಿ ಬೇಕು, 24ರಲ್ಲಿ ಹತ್ತನೇ ಒಂದು ಭಾಗ. ಇಳೀವಾಗ ಆಕ್ಸಿಲರೇಟರ್ ಬಿಟ್ರೆ ಮೋಟ್ರೇ ಡೈನಮೋ ಆಗಿ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ತುಂಬುತ್ತೆ, ಬ್ರೇಕೂ ಸವೆಯಲ್ಲ. ಆದ್ರೆ ಬ್ಯಾಟ್ರಿ ಫುಲ್ ಇದ್ದಾಗ ಘಾಟಿ ಇಳಿದ್ರೆ ತುಂಬಕ್ಕೆ ಜಾಗ ಇರಲ್ಲ, ಆವಾಗ ಬ್ರೇಕೇ ಹಿಡೀಬೇಕು, ಇದು ಯಾರೂ ಹೇಳಲ್ಲ.
ನಾನು ಒದ್ದಾಡಿದ್ದು ಕಾರಿಂದ ಅಲ್ಲ, ಮನೆಯ ಪ್ಲಗ್ಗಿಂದ. ಕಾರು ತಂದ ದಿನ ಗೇಣುದ್ದ ಹಾರ ಹಾಕಿ ಪೂಜೆ ಮಾಡಿ ಚಾರ್ಜರ್ ಸಿಕ್ಕಿಸಿದ್ರೆ ಕೆಂಪು ಲೈಟು. ಕಾರೇ ಕೆಟ್ಟಿದೆ ಅಂತ ಮಾರಿದೋನಿಗೆ ಬೈದು ಫೋನಿಟ್ಟೆ, ಆಮೇಲೆ ಕ್ಷಮೆ ಕೇಳಿದೆ ಬಿಡಿ. ಎಲೆಕ್ಟ್ರಿಷಿಯನ್ ಬಂದು ನೋಡಿದ್ರೆ ಅರ್ಥಿಂಗೇ ಇಲ್ಲ, ಅಂದ್ರೆ ಸೋರೋ ಕರೆಂಟನ್ನ ನೆಲಕ್ಕೆ ಇಳಿಸೋ ದಾರಿನೇ ಇಲ್ಲ. ಅಜ್ಜನ ಕಾಲದಲ್ಲಿ ಹುಗಿದ ಪೈಪು ತುಕ್ಕು ತಿಂದು ಮಣ್ಣಾಗಿತ್ತು, ನಮ್ಮದು ಜಂಬಿಟ್ಟಿಗೆ ನೆಲ ಬೇರೆ, ಬೇಸಿಗೇಲಿ ಹಪ್ಪಳದ ಥರ ಒಣಗುತ್ತೆ. ಫ್ರಿಜ್ಜು ಟಿವಿ ಅರ್ಥ್ ಇಲ್ದೆನೂ ಓಡ್ತವೆ, ಕಾರಿನ ಚಾರ್ಜರ್ ಓಡಲ್ಲ, ಓಡಬಾರದು ಕೂಡ. ಹೊಸ ಗುಂಡಿ ತೆಗ್ದು ಇದ್ದಿಲು ಉಪ್ಪು ತುಂಬಿ ಪ್ಲೇಟ್ ಹುಗಿದ ಮೇಲೆ ಹಸಿರು ಲೈಟ್ ಬಂತು

ಚಿಕ್ಕಪ್ಪ, 6:46
ನೋಡಿದ್ರಾ, ಒದ್ದಾಡಿದೆ ಅಂತ ಅವ್ರೇ ಹೇಳಿದ್ರು

ಅಕ್ಕ, 6:47
ಇಲಿದು ಹೇಳಿ

ಭಾವ, 6:49
ಹಾಂ ಇಲಿ. ಅಡಿಕೆ ಚಪ್ಪರದ ಪಕ್ಕ ನಿಲ್ಲಿಸ್ತಿದ್ದೆ, ಬಾನೆಟ್ ಒಳಗೆ ಸಂಸಾರ ಹೂಡಿ ಎಸಿ ವೈರ್ ಕಡಿದು ಹಾಕಿತ್ತು. ದೊಡ್ಡ ಬ್ಯಾಟ್ರಿಯ ಕೇಸರಿ ಬಣ್ಣದ ದಪ್ಪ ವೈರ್ ಮುಟ್ಟಿರ್ಲಿಲ್ಲ, ಪುಣ್ಯ. ಈಗ ಬೆಕ್ಕು ಸಾಕಿದೀವಿ

ಅಮ್ಮ, 7:02
[ವಾಯ್ಸ್ ಮೆಸೇಜ್]

ಅತ್ತಿಗೆ, 7:05
ಅತ್ತೆ ಹೇಳಿದ್ದು ಕೇಳಿಸ್ಕೊಂಡ್ರಾ ಎಲ್ರೂ? ಕಾರು ಬರ್ಲಿ ಬಿಡ್ಲಿ, ಗೃಹಜ್ಯೋತಿ ಹೋಗಬಾರದಂತೆ. ಸೊನ್ನೆ ಬಿಲ್ಲು ನೋಡಿ ಅಭ್ಯಾಸ ಆಗಿದೆ ಅಂತಿದಾರೆ

ಚಿಕ್ಕಪ್ಪ, 7:06
ನಿಮ್ಮಮ್ಮ ಕರೆಕ್ಟಾಗಿ ಹಿಡಿದ್ರು. ಇದಕ್ಕೆ ಉತ್ತರ ಕೊಡಿ ಇಂಜಿನಿಯರುಗಳೇ

ನಾನು, 7:24
ಅಮ್ಮ ಹೇಳಿದ್ದು ನಿಜ, ನಂಗೆ ಹೊಳೆದೇ ಇರ್ಲಿಲ್ಲ. ಈಗ ಮನೇಲಿ ತಿಂಗಳಿಗೆ 95 ಯುನಿಟ್ ಬರ್ತಿದೆ. 22 ದಿನ 40 ಕಿಮೀ ಅಂದ್ರೆ 880, ಯುನಿಟ್ಟಿಗೆ 7 ಕಿಮೀ ಲೆಕ್ಕ ಹಾಕಿದ್ರೆ 125 ಯುನಿಟ್. ಒಟ್ಟು 220. ಗೃಹಜ್ಯೋತೀಲಿ 200 ಯುನಿಟ್ ದಾಟಿದ್ರೆ ಆ ತಿಂಗಳು ದಾಟಿದ 20ಕ್ಕಲ್ಲ, ಅಷ್ಟಕ್ಕೂ ಬಿಲ್ಲು. ಫಿಕ್ಸೆಡ್ ಚಾರ್ಜು ತೆರಿಗೆ ಎಲ್ಲ ಸೇರಿ ಎರಡು ಸಾವಿರದ ಅಕ್ಕಪಕ್ಕ ಬರುತ್ತೆ. ಆದ್ರೆ ಇದೇ 880 ಕಿಮೀನ ಬೊಲೆರೊದಲ್ಲಿ ಓಡಿಸಿದ್ರೆ 68 ಲೀಟರ್ ಡೀಸೆಲ್ ಬೇಕು, ಲೀಟರಿಗೆ 91 ಅಂದ್ರೆ ಆರು ಸಾವಿರದ ಮೇಲೆ. ಸೊನ್ನೆ ಬಿಲ್ಲು ಹೋದ್ರೂ ನಾಲ್ಕು ಸಾವಿರ ಉಳೀತು

ಅಣ್ಣ, 7:26
ಇವಳು ಈಗ ಓಡಾಡ್ತಿರೋದು ಸ್ಕೂಟೀಲಿ, ಬೊಲೆರೊದಲ್ಲಲ್ಲ. ಉಳಿತಾಯ ಅಂತ ಸುಮ್ನೆ ಹೇಳಬೇಡ. ಒಣಗಿದ ಸೀರೆಗೆ ಖರ್ಚು ಮಾಡ್ತಿದೀವಿ ಅಂತ ಹೇಳು, ಒಪ್ತೀನಿ

ನಾನು, 7:27
ಒಪ್ದೆ ಅಣ್ಣಯ್ಯ, ಲೆಕ್ಕ ಅಲ್ಲಿ ನನ್ನ ಕಡೆ ವಾಲಿತ್ತು

ಭಾವ, 7:33
ಇವಿ ಚಾರ್ಜಿಂಗಿಗೆ ಬೇರೆ ಕರೆಂಟ್ ದರ ಇದೆ, ಬೇರೆ ಮೀಟರ್ ಹಾಕಿಸ್ಕೊಂಡ್ರೆ ಮನೆ ಮೀಟರಿನ ತಂಟೆಗೆ ಹೋಗಲ್ಲ. ಕರೆಂಟ್ ಕೊಡೋ ಮೆಸ್ಕಾಂ ಆಫೀಸಲ್ಲಿ ಹೋಗಿ ಕೂತು ಕೇಳಬೇಕು, ಫೋನಲ್ಲಿ ಆಗೋ ಕೆಲಸ ಅಲ್ಲ. ಚಾರ್ಜರ್ 3.3 ಕಿಲೋವ್ಯಾಟ್ ಎಳೆಯುತ್ತೆ, ಮನೆ ಮೀಟರಿಗೇ ಹಾಕೋದಾದ್ರೆ ಲೋಡ್ ಎಷ್ಟು ಮಂಜೂರಾಗಿದೆ ಅಂತ ಬಿಲ್ಲಲ್ಲಿ ನೋಡಿ, ಮೀಟರ್ ಬೋರ್ಡಿಂದ 4 ಸ್ಕ್ವೇರ್ ಎಂಎಂ ದಪ್ಪದ ವೈರ್ ನೇರ ಎಳೀಬೇಕು, ಮಿಕ್ಸಿ ಪ್ಲಗ್ಗಿಗೆ ಸಿಕ್ಕಿಸಿದ್ರೆ ಚಿಕ್ಕಪ್ಪನ ವಿಡಿಯೋ ನಮ್ಮನೇಲೇ ತೆಗೀಬಹುದು

ಅಪ್ಪಯ್ಯ, 7:35
ಗಾಡಿ ನೆಲದಿಂದ ಎಷ್ಟು ಎತ್ತರ

ನಾನು, 7:36
166 ಮಿಲಿಮೀಟರ್ ಅಪ್ಪಯ್ಯ. ನೆಕ್ಸಾನ್ ಆದ್ರೆ 205, ಆದ್ರೆ ರೇಟು ಜಾಸ್ತಿ

(ಅಪ್ಪಯ್ಯ ನೀಲಿ ಟಿಕ್ ಬಿಟ್ಟು ಬೇರೇನೂ ಕೊಡ್ಲಿಲ್ಲ.)

ಅಣ್ಣ, 7:40
ಹಳ್ಳದ ಮೋರಿ ಹತ್ರ ಕಲ್ಲು ಎದ್ದಿದೆ, ಅಲ್ಲಿ ತಳ ಉಜ್ಜುತ್ತೆ. ಎರಡು ಲೋಡ್ ಜಲ್ಲಿ ಹಾಕಿಸಬೇಕು

ಚಿಕ್ಕಪ್ಪ, 7:48
6 ಲಕ್ಷ ಕಾರು, ಮೇಲೆ ಮೀಟರು, ವೈರು, ಗುಂಡಿ, ಜಲ್ಲಿ, ಬೆಕ್ಕು. ಮದುವೆಗಿಂತ ಖರ್ಚು. ಅಷ್ಟೇ ಬೇಕು ಅಂದ್ರೆ ಮಹೀಂದ್ರಾದ ಇ2ಒ ಅಂತ ಸಣ್ಣದು ಬರುತ್ತಲ್ಲ, ಹಳೇದು ಎರಡು ಲಕ್ಷದೊಳಗೆ ಸಿಗುತ್ತಂತೆ, ಕೆಟ್ರೆ ಕೆಟ್ಟಿತು. ಮತ್ತೆ ಹಳೇ ಇವಿಗೆ ಈಗ 18 ಪರ್ಸೆಂಟ್ ಜಿಎಸ್‌ಟಿ ಅಂತೆ, ಅದೂ ಸೇರಿಸ್ಕೊ

ನಾನು, 8:01
ಜಿಎಸ್‌ಟಿ ವ್ಯಾಪಾರಿ ಹತ್ರ ತಗೊಂಡ್ರೆ ಮಾತ್ರ, ಅದೂ ಅವನ ಲಾಭದ ಮೇಲೆ, ಕಾರಿನ ಪೂರ್ತಿ ಬೆಲೆ ಮೇಲಲ್ಲ. 2024 ಡಿಸೆಂಬರಲ್ಲಿ ಜಿಎಸ್‌ಟಿ ಕೌನ್ಸಿಲ್ ಹೇಳಿದ್ದು ಅಷ್ಟೇ. ಓನರ್ ಹತ್ರ ನೇರ ತಗೊಂಡ್ರೆ ಸೊನ್ನೆ. ಇ2ಒ ಮಾಡೋದು 2019ರಲ್ಲೇ ನಿಲ್ಸಿದ್ರು, ಅದರ ಬ್ಯಾಟ್ರಿ ಹೋದ್ರೆ ಕೋಳಿಗೂಡು ಮಾಡ್ಬೇಕು. ಎಂಜಿ ಕಾಮೆಟ್ ಅನ್ನೋ ಸಣ್ಣ ಇವೀನೂ ನೋಡ್ದೆ, ಎರಡೇ ಬಾಗಿಲು, 12 ಇಂಚಿನ ಗಾಲಿ, ಆ ಗಾಲಿ ನಮ್ಮ ಮಳೆಗಾಲದ ಹೊಂಡದಲ್ಲಿ ಇಳಿದ್ರೆ ಮೇಲೆ ಬರೋದು ಸುಗ್ಗಿಗೆ

ಭಾವ, 8:15
ನೋಡಕ್ಕೆ ಹೋಗೋ ಮುಂಚೆ ನೂರು ಪರ್ಸೆಂಟ್ ಚಾರ್ಜ್ ಮಾಡಿಡಿ ಅಂತ ಹೇಳು, ಹೋಗಿ ಟ್ರಿಪ್ ಮೀಟರ್ ಸೊನ್ನೆ ಮಾಡಿ 50 ಕಿಮೀ ಓಡಿಸು, ಎಷ್ಟು ಪರ್ಸೆಂಟ್ ಇಳೀತು ಅಂತ ಬರ್ಕೊ, 30 ಇಳಿದಿದ್ರೆ ಸರಿ, 40 ಇಳಿದಿದ್ರೆ ರೇಟು ಮಾತಾಡು. ಸರ್ವೀಸ್ ಸೆಂಟರಿಂದ ಬ್ಯಾಟ್ರಿ ರಿಪೋರ್ಟ್ ತೆಗೆಸಿ ಕೊಡ್ತೀನಿ ಅಂದೋನನ್ನ ನಂಬು, ಅದೆಲ್ಲ ಎಂತಕ್ಕೆ ಅಂದೋನನ್ನ ನಂಬಬೇಡ. ವಾರಂಟಿ ನಮ್ಮ ಹೆಸರಿಗೆ ಬರುತ್ತಾ ಅಂತ ಕೇಳು, ಆರ್‌ಸೀಲಿ ಬ್ಯಾಂಕಿನ ಸಾಲ ಇದ್ಯಾ ನೋಡು, ಡಿಕ್ಕೀಲಿ ಚಾರ್ಜರ್ ಇದ್ಯಾ ನೋಡು, ಅದನ್ನ ಬೇರೆ ಕಡೆ ಮಾರ್ಕೊಂಡಿರೋರೂ ಇದಾರೆ

ಚಿಕ್ಕಪ್ಪ, 8:17
ತರೋದು ಹೆಂಗೆ, ತುಮಕೂರಿಂದ ತಳ್ಕೊಂಡಾ

ನಾನು, 8:18
ದಾರೀಲಿ ಎರಡು ಕಡೆ ಫಾಸ್ಟ್ ಚಾರ್ಜಿಂಗ್, ಒಂದೊಂದು ಗಂಟೆ. ತಿಪಟೂರಲ್ಲಿ ಊಟ ಮಾಡಿದ್ರಾಯ್ತು

ಚಿಕ್ಕಪ್ಪ, 8:20
ಎಷ್ಟು ಗಂಟೆಗೆ ಹೊರಡ್ತೀಯ? ನಾನು ಆ ವಾರ ಬೆಂಗಳೂರಲ್ಲೇ ಇರ್ತೀನಿ. ಬರ್ತೀನಿ ಅಂತಲ್ಲ, ಕೇಳಿದೆ

ಅತ್ತಿಗೆ, 8:41
ಪ್ಲಗ್ಗಿಗೆ ಮೀಟರ್ ಹಿಡಿದು ನೋಡಿದ್ವಿ, ಈಗ 174 ವೋಲ್ಟ್ ತೋರಿಸ್ತಿದೆ. ಇದರಲ್ಲಿ ಚಾರ್ಜ್ ಆಗುತ್ತಾ ಸಾಗರದ ಅಣ್ಣಯ್ಯ?

ಭಾವ, 8:43
ಈಗ ಹಾಕಿದ್ರೆ ನಿಧಾನ, ಒಮ್ಮೊಮ್ಮೆ ನಿಂತೂ ಹೋಗುತ್ತೆ. ರಾತ್ರಿ 11ರ ಮೇಲೆ ಊರೆಲ್ಲ ಮಲಗಿದಾಗ ಇನ್ನೊಂದ್ಸಲ ನೋಡಿ. ದಿನದ್ದು ಆರು ಯುನಿಟ್ಟಿಗೆ ಎರಡೂವರೆ ಗಂಟೆ ಸಾಕು

ಅತ್ತಿಗೆ, 11:20
218

(ಭಾನುವಾರ)

ಅಪ್ಪಯ್ಯ, 9:55
[ಫೋಟೋ: ಕೊಟ್ಟಿಗೆ ಪಕ್ಕ ಎದೆಮಟ್ಟದ ಗುಂಡಿ, ಒಳಗೆ ಹಾರೆ]
ಇದ್ದಿಲು ಮನೇಲಿದೆ. ಉಪ್ಪು ಯಾರು ತರ್ತೀರಿ